ಜೋಡಿ ಕಟ್ಟಿದ ಮೇಲೆ

"ಲೇಟಾಯ್ತಾ ಅಂಕಲ್?" ಎಂದು ಅಮೋಘ ಕನ್ನಡದಲ್ಲಿ ಕೇಳಿದ ಕೂಡಲೇ ಗುಲಾಮ್ ಮೊಹಿಯುದ್ದೀನನ ಎದೆ ಧಸಕ್ಕೆಂದಿತು. ಶನಿವಾರದ ಬೆಳಗ್ಗೆ, ಲಾಸ್ ಏಂಜಲೀಸಿನ ನಾರ್ತ್‌ರಿಜ್‌ನ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗ, ಯಾರೋ ಕಾರು ತೊಳೆದ ನೀರು ಇಳಿಜಾರಿನಲ್ಲಿ ಹರಿದು ಬಂದು ಅವನ ಬೂಟಿನ ತುದಿಯನ್ನು ಮುಟ್ಟಿತ್ತು. ಎಲ್ಲ ಮಾಮೂಲು. ಹುಡುಗ ಮೆಟ್ಟಿಲಿಳಿದು ಬಂದದ್ದೂ ಮಾಮೂಲು: ಹೆಗಲಿಗೆ ಕಿಟ್ ಬ್ಯಾಗು, ಕಾಲಿಗೆ ರಬ್ಬರ್ ಚಪ್ಪಲಿ, ಕಣ್ಣಿಗೆ ಕಪ್ಪು ಕನ್ನಡಕ. ಆದರೆ ಇವನು ಕನ್ನಡ ಮಾತಾಡುವವನೇ ಅಲ್ಲವಲ್ಲ! ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ಹತ್ತೊಂಬತ್ತರವನು, ಎರಡು ವರ್ಷದಿಂದ ತನ್ನ ರಗ್ಬಿ ತಂಡದಲ್ಲಿದ್ದಾನೆ, ಕನ್ನಡದಲ್ಲಿ ಏನು ಹೇಳಿದರೂ ತಿಳಿಯುತ್ತದೆ, ಬಾಯಿ ತೆರೆದರೆ ಮಾತ್ರ ಇಂಗ್ಲಿಷು. 'ಏನಪ್ಪಾ, ಚೆನ್ನಾಗಿದ್ದೀಯಾ' ಅಂದರೆ 'ಆಲ್ ಗುಡ್, ಕೋಚ್' ಅನ್ನುವವನು. ಕೋಚ್ ಅನ್ನುವವನು ಇವತ್ತು ಅಂಕಲ್ ಅಂದಿದ್ದ. ಅಂದದ್ದೂ ಹೇಗೆ, ಐದಾರು ವರ್ಷದ ಮಗು ಶಾಲೆಯ ಬಾಗಿಲಲ್ಲಿ ನಿಂತು ಕೇಳುವ ಹಾಗೆ. ಮೊಹಿಯುದ್ದೀನ್ ಕಾರಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, "ಇಲ್ಲಪ್ಪಾ, ಇನ್ನೂ ಟೈಮಿದೆ," ಎಂದ.

ಹಿಂದೆಯೇ ಹುಡುಗನ ತಾಯಿ ರೇಖಾ ಇಳಿದು ಬಂದಳು. ಕೈಯಲ್ಲಿ ಸ್ಟೀಲಿನ ಫ್ಲಾಸ್ಕು. "ಭಾಯಿ, ಒಂದ್ನಿಮಿಷ. ಬಾದಾಮಿ ಹಾಲು ಮಾಡಿದೀನಿ. ನೀವೇ ಹೇಳಿದ್ರಲ್ಲ, ಮೈಸೂರಲ್ಲಿ ನಿಮ್ಮ ಗರಡೀಲಿ ಕುಸ್ತಿ ದಿನ ಇದನ್ನೇ ಕೊಡ್ತಿದ್ರು ಅಂತ." ಆಮೇಲೆ ಮಗ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡದ್ದನ್ನು ನೋಡಿ ದನಿ ತಗ್ಗಿಸಿದಳು. "ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು ಭಾಯಿ. ಗುರುವಾರ ನಿಮ್ಮ ಪ್ರಾಕ್ಟೀಸ್ ಮುಗಿಸ್ಕೊಂಡು ಬಂದನಲ್ಲ, ಅವತ್ತಿಂದ ಬರೀ ಕನ್ನಡ! ನಮ್ಮನೆಯೋರಿಗಂತೂ ನಂಬಕ್ಕೇ ಆಗ್ತಿಲ್ಲ. ನಿನ್ನೆ 'ಅಮ್ಮ, ಅನ್ನ ಕಲಸಿ ಕೊಡು' ಅಂದ. ಇಷ್ಟು ವರ್ಷ ನಾನು ಬಡ್ಕೊಂಡು ಆಗದೇ ಇದ್ದಿದ್ದು, ನೀವು ಅದೇನ್ ಮಾಡಿದ್ರೋ."

"ನಾನೇನೂ ಮಾಡಿಲ್ಲ."

"ಸುಮ್ನಿರಿ, ದೊಡ್ಡತನ ನಿಮ್ದು. ಒಂದೇ ಒಂದು, ಸ್ವಲ್ಪ ಜಾಸ್ತಿ ನಿದ್ದೆ ಮಾಡ್ತಾನೆ. ರೂಮಲ್ಲಿ ಲೈಟ್ ಹಾಕ್ಬೇಡ ಅಂತಾನೆ. ಮ್ಯಾಚ್ ಟೆನ್ಶನ್ ಅಲ್ವಾ?"

"ಹೂಂ. ಟೆನ್ಶನ್," ಎಂದು ಮೊಹಿಯುದ್ದೀನ್ ಫ್ಲಾಸ್ಕನ್ನು ಇಸಿದುಕೊಂಡ. ಬಿಸಿ ಹಾಲು ತುಂಬಿದ ಫ್ಲಾಸ್ಕು ಹೊರಗಿನಿಂದ ತಣ್ಣಗೇ ಇತ್ತು. ಅವಳು ಇನ್ನೇನಾದರೂ ಕೇಳಿಬಿಟ್ಟಾಳೆಂದು ಬೇಗ ಬೇಗ ಕಾರು ಹತ್ತಿದ. ಕನ್ನಡಿಯಲ್ಲಿ ಅವಳು ಕೈ ಬೀಸುತ್ತಿದ್ದಳು, ಅವನೂ ಬೀಸಿದ, ಬೀಸಿದ ಮೇಲೆ ಥೂ, ನಾನೆಂಥ ಮನುಷ್ಯ ಅನ್ನಿಸಿತು.

ಗುರುವಾರ ಆದದ್ದು ಇಷ್ಟು. ಪಾರ್ಕಿನ ದೀಪಗಳು ಆಗತಾನೆ ಹತ್ತಿಕೊಂಡಿದ್ದವು. ಕೆಂಪು ಬನಿಯನ್ನಿನವರು ಒಂದು ಸಾಲು, ಹಳದಿಯವರು ಎದುರು ಸಾಲು. ಹಳದಿಯವನೊಬ್ಬ ಚೆಂಡು ಹಿಡಿದು ಓಡಿ ಬರಬೇಕು, ಅಮೋಘ ಬಗ್ಗಿ ನುಗ್ಗಿ ಅವನ ಹಿಮ್ಮಡಿ ಹಿಡಿದು ಕೆಡವಬೇಕು. ನುಗ್ಗಿದ. ಓಡಿ ಬಂದವನ ಮೊಣಕಾಲು ಅವನ ಕಿವಿಯ ಹಿಂದೆ ಬಿತ್ತು. ತೆಂಗಿನಕಾಯಿಯನ್ನು ಚೀಲದೊಳಗೇ ಇಟ್ಟು ಒಡೆದಂಥ ಸದ್ದು. ಬಿದ್ದ. ಎದ್ದ. ಎದ್ದವನು ಮೈ ಕೊಡವಿಕೊಂಡು ಸೀದಾ ಹೋಗಿ ಎದುರು ಸಾಲಿನಲ್ಲಿ ನಿಂತ. ಹಳದಿಯವರ ನಡುವೆ ಒಬ್ಬನೇ ಕೆಂಪು, ಕೈ ಮೊಣಕಾಲಿಗೂರಿ, ತನ್ನದೇ ತಂಡದತ್ತ ಮುಖ ಮಾಡಿ, ಮುಂದಿನ ಸೀಟಿಗಾಗಿ ಕಾಯುತ್ತ. ಮೊಹಿಯುದ್ದೀನ್ ನಕ್ಕುಬಿಟ್ಟ. "ಏನೋ, ಪಾರ್ಟಿ ಬದಲಾಯಿಸ್ದ್ಯಾ?" ಎಂದು ಕೂಗಿದ. ಕೋಚ್ ನಕ್ಕನೆಂದು ಉಳಿದವರೂ ನಕ್ಕರು. ಅಮೋಘನೂ ನಕ್ಕ. ಹತ್ತಿರ ಹೋಗಿ ಮೊಣಕೈ ಹಿಡಿದು ಈಚೆ ಸಾಲಿಗೆ ಕರೆತರುವಾಗ ಆ ಮೊಣಕೈ ತಣ್ಣಗಿತ್ತು, ಓಡಿ ಬೆವರಿದವನ ಮೈ ಹಾಗಿರುವುದಿಲ್ಲ. ಆ ತಣ್ಣನೆಯಲ್ಲೇ ಅವನಿಗೆ ಎಲ್ಲ ಗೊತ್ತಾಗಿತ್ತು. ತಲೆಗೆ ಏಟು ಬಿದ್ದವನನ್ನು ಡಾಕ್ಟರು ನೋಡದೆ ಆಡಿಸುವಂತಿಲ್ಲ, ಮೊದಲ ಏಟು ಮಾಗುವ ಮುಂಚೆ ಎರಡನೆಯದು ಬಿದ್ದರೆ ಜೀವಕ್ಕೇ ಸಂಚಕಾರ, ಇದನ್ನು ಪ್ರತಿ ವರ್ಷ ಹುಡುಗರೆದುರು ನಿಂತು ಹೇಳುವವನು ಅವನೇ. ಆದರೂ ಸೀಟಿ ಊದಿದ. ನಗು ಮೊದಲು ಬಂದುಬಿಟ್ಟಿತ್ತಲ್ಲ, ನಕ್ಕಾದ ಮೇಲೆ ಗಾಬರಿಗೊಳ್ಳುವುದು ಹೇಗೆ?

ಫೋರ್-ಓ-ಫೈವ್ ಹೆದ್ದಾರಿ ಹತ್ತಿದ ಮೇಲೆ ಅಮೋಘ ಸೀಟು ಹಿಂದಕ್ಕೆ ಮಾಡಿಕೊಂಡು ಟವೆಲನ್ನು ಕನ್ನಡಕದ ಮೇಲೆ ಹೊದ್ದುಕೊಂಡ. ಮೊಹಿಯುದ್ದೀನ್ ರಸ್ತೆ ನೋಡುತ್ತ ಆಟದ ಬಗ್ಗೆ ಯೋಚಿಸಲು ಪ್ರಯತ್ನಿಸಿದ. ಆಟದ ಬಗ್ಗೆ ಯೋಚಿಸಿದರೆ ಸಾಮಾನ್ಯವಾಗಿ ಅವನ ಮನಸ್ಸು ತಿಳಿಯಾಗುತ್ತಿತ್ತು. ರಗ್ಬಿ ಲೀಗ್ ಅಂದರೆ ಇಲ್ಲಿಯವರಿಗೆ ಹೆಲ್ಮೆಟ್ಟಿಲ್ಲದ ಫುಟ್‌ಬಾಲು. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಏಸಿ ರಿಪೇರಿ ಕೆಲಸಕ್ಕಿದ್ದಾಗ ಮೊದಲ ಸಲ ನೋಡಿದಾಗ ಅವನಿಗೆ ಮಾತ್ರ ಇದು ಓಡುತ್ತ ಆಡುವ ಕುಸ್ತಿ ಅನ್ನಿಸಿತ್ತು. ಕಡೆಗೆ ಗ್ಲೆಂಡೇಲಿಗೆ ಬಂದು ಅದೇ ಏಸಿ ಧಂದೆ ಹೂಡಿ, ಕೋವಿಡ್ ಕಳೆದ ಮೇಲೆ ಪಾರ್ಕಿನಲ್ಲಿ ಸಿಕ್ಕಸಿಕ್ಕವರನ್ನು ಸೇರಿಸಿ ಕಟ್ಟಿದ ತಂಡ. ಹದಿಮೂರು ಜನ, ಚೆಂಡು ಹಿಡಿದವನನ್ನು ಕೆಡವಬೇಕು, ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ. ಇವತ್ತು ಕಪ್ಪಿನ ಪಂದ್ಯ, ಎದುರಾಳಿ ಸ್ಯಾನ್ ಡಿಯಾಗೋ. ಅವರ ಬಲವೆಲ್ಲ ಎಂಟನೇ ನಂಬರಿನವನಲ್ಲಿದೆ. ಬೀರುವಿನಂಥ ಆಳು, ಎದೆಗೆ ಹಿಡಿದರೆ ಮೂವರನ್ನು ಹೊತ್ತುಕೊಂಡೇ ಮುಂದೆ ಹೋಗುತ್ತಾನೆ. ಆದರೆ ಡಿಕ್ಕಿ ಹೊಡೆಯುವ ಮುಂಚೆ ಎಡಗಾಲನ್ನು ಭಾರವಾಗಿ ಊರುತ್ತಾನೆ, ವಿಡಿಯೋ ನೋಡಿ ನೋಡಿ ಮೊಹಿಯುದ್ದೀನ್ ಕಂಡುಕೊಂಡದ್ದು. ಆ ಕ್ಷಣ ಒಬ್ಬ ಕೆಳಗೆ ನುಗ್ಗಿ ಹಿಮ್ಮಡಿ ಎಳೆದರೆ ಮುಗಿಯಿತು. ಶುರುವಿನಲ್ಲೇ ಎರಡು ಮೂರು ಸಲ ಹೀಗೆ ಮಕಾಡೆ ಬಿದ್ದರೆ ಅವನಿಗೆ ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಅವಸರ, ಅವಸರದಲ್ಲಿ ಚೆಂಡು ಕೈ ಬಿಡುತ್ತಾನೆ. ಅದು ದಾದಾನ ಪಟ್ಟು, ಅಪ್ಪನ ಅಪ್ಪ ಗರಡಿಯ ಕೆಮ್ಮಣ್ಣಿನಲ್ಲಿ ಕಲಿಸಿದ್ದು. ಅದನ್ನು ತನ್ನ ಗರಾಜಿನಲ್ಲಿ ಚಾಪೆ ಹಾಸಿ ತಿಂಗಳುಗಟ್ಟಲೆ ಒಬ್ಬನಿಗೆ ಮಾತ್ರ ಹೇಳಿಕೊಟ್ಟಿದ್ದ. ಬೇರೆ ಯಾರಿಗೂ ಬರುವುದಿಲ್ಲ. ಆ ಪಟ್ಟಿನಲ್ಲಿ ತಲೆ ಎಲ್ಲಿರುತ್ತದೆ? ಎದುರಾಳಿಯ ಮೊಣಕಾಲಿನ ಪಕ್ಕದಲ್ಲಿ. ಆಟದ ಯೋಚನೆ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಂತಿತು.

ಫೋನು ಬಡಿದುಕೊಂಡಿತು. ಕಾರ್ತಿಕೇಯ, ತಂಡದ ಅಸಿಸ್ಟೆಂಟ್ ಕೋಚು, ಕಲ್ವರ್ ಸಿಟಿಯ ಕಂಪನಿಯೊಂದರಲ್ಲಿ ಇಂಜಿನಿಯರು, ಬಸವನಗುಡಿಯವನು. ಮಾತು ಬಹಳ ಮರ್ಯಾದೆಯದು. ಹೋದ ತಿಂಗಳು ಕಮಿಟಿ ಮೀಟಿಂಗಿನಲ್ಲಿ ಅದೇ ಮರ್ಯಾದೆಯಿಂದ, "ಗರಡಿ ಕಥೆ ಸಾಕು ಸಾರ್, ಸ್ವಲ್ಪ ಡೇಟಾನೂ ನೋಡೋಣ," ಎಂದಿದ್ದ. ಕನ್ನಡ ಬಾರದವರಿಗೂ ಅದು ಅರ್ಥವಾಗಿ ಎಲ್ಲರೂ ಮೇಜು ನೋಡಿದ್ದರು. ಇವತ್ತು ಸೋತರೆ ಮುಂದಿನ ಸೀಸನ್ನಿಗೆ ಅವನೇ ಕೋಚು. ಯಾರೂ ಬಾಯಿಬಿಟ್ಟು ಹೇಳಿಲ್ಲ, ಎಲ್ಲರಿಗೂ ಗೊತ್ತಿದೆ. ಮೊಹಿಯುದ್ದೀನ್ ಗುಂಡಿ ಒತ್ತಿದ. ದನಿ ಇಡೀ ಕಾರಿನಲ್ಲಿ ತುಂಬಿಕೊಂಡಿತು.

"ಸಾರ್, ಎಲ್ಲಿದೀರಾ? ನಮ್ಮ ವ್ಯಾನ್ ಹೊರಡ್ತು. ಒಂದ್ ವಿಷ್ಯ ಸಾರ್. ಗುರುವಾರದ ಜಿಪಿಎಸ್ ಡೇಟಾ ಈಗ್ತಾನೆ ನೋಡ್ದೆ. ಅಮೋಘ ಕೊನೇಲಿ ಓಡೇ ಇಲ್ಲ, ಬರೀ ನಡ್ಕೊಂಡ್ ಓಡಾಡಿದಾನೆ. ಏನಾದ್ರೂ ಆಯ್ತಾ?"

ಇದೇ ಸಮಯ. ಆಯ್ತು ಕಣಯ್ಯಾ ಅನ್ನಬೇಕು. ತಲೆಗೆ ಬಿತ್ತು, ನಾನು ನೋಡಿದೆ, ನಕ್ಕೆ ಅನ್ನಬೇಕು. "ಕಾಲು ಹಿಡ್ಕೊಂಡಿತ್ತು," ಎಂದ. "ನಾನೇ ನಿಧಾನಕ್ಕೆ ಹೋಗು ಅಂದೆ."

"ಹೌದಾ. ಈಗ ಸರಿಯಿದಾನಾ? ಅವನನ್ನ ನಂಬ್ಕೊಂಡೇ ತಾನೆ ನಿಮ್ಮ ಪ್ಲಾನ್ ಇರೋದು."

"ಇಲ್ಲೇ ಇದಾನೆ. ಚೆನ್ನಾಗಿದಾನೆ."

ಫೋನು ನಿಂತಿತು. ಅಮೋಘ ಮುಖದಿಂದ ಟವೆಲು ತೆಗೆದಿದ್ದ. ಈಗ ಕೇಳುತ್ತಾನೆ, ಯಾಕೆ ಸುಳ್ಳು ಹೇಳಿದ್ರಿ ಅಂತಾನೆ, ಅಂದುಬಿಡಲಿ, ಅಂದರೆ ಇಲ್ಲೇ ಪಕ್ಕಕ್ಕೆ ನಿಲ್ಲಿಸಿ ಎಲ್ಲ ಹೇಳಿಬಿಡುತ್ತೇನೆ ಎಂದು ಮೊಹಿಯುದ್ದೀನ್ ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನಂಗೆ ಯಾವ ಕಾಲು ಹಿಡ್ಕೊಂಡಿತ್ತು ಅಂಕಲ್?"

ತಮಾಷೆಯಲ್ಲ, ಕೊಂಕಲ್ಲ, ತಿಳಿಯಬೇಕಾಗಿತ್ತು, ಕೇಳಿದ. ಮೊಹಿಯುದ್ದೀನ್ ರಸ್ತೆಯಿಂದ ಕಣ್ಣು ತೆಗೆಯದೆ, "ಎಡಗಾಲು," ಎಂದ. ಹುಡುಗ ಬಗ್ಗಿ ಎಡಗಾಲಿನ ಮಾಂಸಖಂಡವನ್ನು ಎರಡೂ ಕೈಯಿಂದ ಮೆಲ್ಲಗೆ ತಿಕ್ಕಿಕೊಳ್ಳತೊಡಗಿದ. ಬಹಳ ಹೊತ್ತು ತಿಕ್ಕಿಕೊಂಡ.

ಇವನೇ ಹೇಳಲಿ ಎಂದು ಮೊಹಿಯುದ್ದೀನ್ ಎರಡು ದಿನದಿಂದ ಕಾದಿದ್ದ. ಹೇಳಿದರೆ ಬಿಟ್ಟುಬಿಡುತ್ತಿದ್ದ, ಅಲ್ಲಾನಾಣೆ ಬಿಡುತ್ತಿದ್ದ, ಕಮಿಟಿಯೂ ಬೇಡ ಕಪ್ಪೂ ಬೇಡ. ದಾದಾನ ಗರಡಿಯ ಕಟ್ಟಳೆಯೇ ಹಾಗಿತ್ತಲ್ಲ. ದಸರೆಯ ಕುಸ್ತಿಗೆ ಮುಂಚೆ ಹಿರಿಯರು ಕೂತು ಜೋಡಿ ಕಟ್ಟುತ್ತಿದ್ದರು, ಇವನಿಗೆ ಅವನು, ಅವನಿಗೆ ಇವನು ಎಂದು. ಮನೆಗೆ ಬಂದು ದಾದಾ ತನ್ನ ಪೈಲ್ವಾನನ ಅಂಗೈಗೆ ಒಂದು ಚಿಟಿಕೆ ಮಣ್ಣು ಹಾಕಿದರೆ ಅವನು ಅದನ್ನು ಕಣ್ಣಿಗೊತ್ತಿಕೊಂಡು ಒಪ್ಪಬೇಕು. ಜೋಡಿ ಕಟ್ಟಿದ ಮೇಲೆ ಉಸ್ತಾದ ಬಿಡಿಸುವಂತಿಲ್ಲ, ಪೈಲ್ವಾನನೇ ಬಂದು ಆಗಲ್ಲ ಉಸ್ತಾದ್ ಅನ್ನಬೇಕು. ಈ ಗುರುವಾರ ಪ್ರಾಕ್ಟೀಸಿಗೆ ಮುಂಚೆ ಮೊಹಿಯುದ್ದೀನ್ ಅದನ್ನೇ ಮಾಡಿದ್ದ. ಪಕ್ಕದ ಬೇಸ್‌ಬಾಲ್ ಅಂಕಣದಿಂದ ಒಂದು ಹಿಡಿ ಕೆಂಪು ಮಣ್ಣು ತಂದು, ಹದಿಮೂರು ಜನಕ್ಕೂ ಅವರವರ ಜೋಡಿ ಹೇಳಿ, ಅಮೋಘನಿಗೆ ಎಂಟನೆಯವನು ಎಂದು, ಅಂಗೈಗೆ ಹಾಕಿದ್ದ. ಕೆಲವರು ಕಿಸಕ್ಕೆಂದರು, ಕಾರ್ತಿಕೇಯ ಫೋನಿನಲ್ಲಿ ವಿಡಿಯೋ ತೆಗೆದು, ಆಫೀಸಿನ ಕೆಲಸವಿದೆಯೆಂದು ಆಗಲೇ ಹೊರಟುಹೋದ. ಅಮೋಘ ಮಾತ್ರ ಕಣ್ಣಿಗೊತ್ತಿಕೊಂಡು, ಕಟ್ಟಳೆಯನ್ನೆಲ್ಲ ಕೇಳಿಸಿಕೊಂಡು, ಬನಿಯನ್ನಿಗೆ ಒರೆಸಿಕೊಳ್ಳದೆ ಆ ಮಣ್ಣನ್ನು ಕಾಲುಚೀಲದೊಳಗೆ ಉದುರಿಸಿಕೊಂಡಿದ್ದ. ಆಮೇಲೆ ಏಟು ಬಿತ್ತು. ಹಿರಿಯರಿಗೆ ಎದುರು ಮಾತಾಡಬಾರದೆಂದು ರೇಖಾ ಬೆಳೆಸಿದ ಹುಡುಗ. ಅಂಕಲ್ ಹೇಳಲಿ ಎಂದು ಅವನು ಕಾಯುತ್ತಿದ್ದಾನೆ, ಅವನೇ ಹೇಳಲಿ ಎಂದು ಅಂಕಲ್ ಕಾಯುತ್ತಿದ್ದಾನೆ, ಇಬ್ಬರನ್ನೂ ಹೊತ್ತ ಕಾರು ಮಾತ್ರ ಕಾಯದೆ ದಕ್ಷಿಣಕ್ಕೆ ಹೋಗುತ್ತಿತ್ತು.

ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಬಲಗಡೆ ಸಮುದ್ರ ತೆರೆದುಕೊಂಡಿತು. ನೀರಿನ ಮೇಲೆ ಬಿಸಿಲು ಕುಟ್ಟುತ್ತಿತ್ತು. ಅಮೋಘ ಕಣ್ಣು ಕಿವುಚಿ ಮುಖವನ್ನು ಎಡಕ್ಕೆ, ಮೊಹಿಯುದ್ದೀನನ ಹೆಗಲ ಕಡೆಗೆ ತಿರುಗಿಸಿಕೊಂಡ.

"ಹೇಳು ನೋಡೋಣ," ಎಂದ ಮೊಹಿಯುದ್ದೀನ್, ದನಿ ಸಡಿಲವಾಗಿರುವಂತೆ ನೋಡಿಕೊಂಡು. "ಎಂಟನೆಯವನು ಚೆಂಡು ಹಿಡ್ಕೊಂಡು ಬಂದ. ನೀನೇನ್ ಮಾಡ್ತೀಯ?"

"ಅವನ ಮುಖ ನೋಡಲ್ಲ. ಕಾಲು ನೋಡ್ತೀನಿ. ಎಡಗಾಲು ಊರ್ತಾನೆ. ಆವಾಗ ಹೋಗ್ತೀನಿ. ಹಿಮ್ಮಡಿ ಹಿಡ್ಕೊಂಡು ನನ್ನ ಕಡೆ ಎಳೀತೀನಿ. ಬಿದ್ದ ಮೇಲೆ ಬಿಟ್ಬಿಡ್ತೀನಿ, ಮತ್ತೆ ನಿಂತ್ಕೋತೀನಿ."

ಒಂದಕ್ಷರ ತಪ್ಪಿಲ್ಲ. ಮೊಹಿಯುದ್ದೀನನಿಗೆ ಮೈಯೆಲ್ಲ ಹಗುರವಾಯಿತು. ಏನೂ ಆಗಿಲ್ಲ, ಸುಮ್ಮನೆ ಹೆದರಿ ಸತ್ತೆ, ಹುಡುಗರಿಗೆ ಇಂಥ ಏಟು ಎಷ್ಟು ಬೀಳುವುದಿಲ್ಲ? ಕನ್ನಡ ಮಾತಾಡಿದರೆ ಅದೂ ಒಂದು ಕಾಯಿಲೆಯೇ! ಮನೆಯಲ್ಲಿ ಅಮ್ಮನ ಹತ್ತಿರ ಎರಡು ದಿನ ಮಲಗಿದ್ದ, ಅಮ್ಮನ ಮಾತು ಬಂತು, ಅಷ್ಟೆ. ಅವನು ಗಟ್ಟಿಯಾಗಿ ಉಸಿರು ಬಿಟ್ಟು, "ಶಭಾಷ್," ಎಂದು ಹುಡುಗನ ತೊಡೆ ತಟ್ಟಿದ.

"ಅಂಕಲ್, ಅಮ್ಮ ಹಾಲು ಕೊಟ್ರಾ?"

"ಕೊಟ್ರಲ್ಲ, ಹಿಂದಿನ ಸೀಟಲ್ಲಿದೆ ನೋಡು."

ಹುಡುಗ ಹಿಂದೆ ತಿರುಗಿ ಫ್ಲಾಸ್ಕು ನೋಡಿ, ಸರಿ ಎಂದು ಕೂತ. ಓಷನ್‌ಸೈಡಿನ ಹತ್ತಿರ ವಾಹನಗಳು ನಿಧಾನವಾದವು. ಮೊಹಿಯುದ್ದೀನ್ ರೇಡಿಯೋ ಹಾಕಲು ಕೈ ಚಾಚಿದ.

"ಅಂಕಲ್, ಅಮ್ಮ ಹಾಲು ಕೊಟ್ರಾ?"

ಅದೇ ದನಿ, ಅದೇ ರಾಗ. ಚಾಚಿದ ಕೈ ಅಲ್ಲೇ ನಿಂತಿತು. "ಕೊಟ್ರು," ಎಂದ. ಹುಡುಗ ಮತ್ತೆ ಹಿಂದೆ ತಿರುಗಿ, ಫ್ಲಾಸ್ಕು ನೋಡಿ, ಮೊದಲ ಸಲ ಕಂಡವನ ಹಾಗೆ ಸಂತೋಷಪಟ್ಟು ಕೂತ.

ದಾದಾನ ಹಳೆಯ ಪೈಲ್ವಾನ ಈರಯ್ಯನೂ ಹೀಗೆಯೇ ಕೇಳುತ್ತಿದ್ದ. ಗರಡಿಯ ಹೊರಗಿನ ಕಲ್ಲುಕಟ್ಟೆಯ ಮೇಲೆ ಕೂತು, ಹೋಗುವವರನ್ನೆಲ್ಲ, "ನನ್ನ ಕುಸ್ತಿ ಯಾವಾಗ?" ಎಂದು. ಮೊಹಿಯುದ್ದೀನ್ ಚಿಕ್ಕವನಾಗಿದ್ದಾಗ ಅದು ಎಲ್ಲರಿಗೂ ತಮಾಷೆ. 'ನಾಳೆ ಈರಯ್ಯಾ' ಎಂದು ಹೇಳಿ ಓಡುವುದು. ಒಂದು ಕುಸ್ತಿಯಲ್ಲಿ ತಲೆ ಕೆಳಗಾಗಿ ಬಿದ್ದಿದ್ದನಂತೆ, ಮುಂದಿನ ವಾರಕ್ಕೆ ದಾದಾ ಆಗಲೇ ಜೋಡಿ ಕಟ್ಟಿದ್ದರಂತೆ, ಈರಯ್ಯ ಆಗಲ್ಲ ಅನ್ನಲಿಲ್ಲವಂತೆ, ಅಖಾಡಕ್ಕಿಳಿದು ಮತ್ತೆ ಬಿದ್ದನಂತೆ. ಆಮೇಲೆ ಸಾಯುವವರೆಗೂ ಅವನಿಗೆ ದಿನಾ ಬೆಳಗ್ಗೆ ಗರಡಿಯಿಂದ ಬಾದಾಮಿ ಹಾಲು ಹೋಗುತ್ತಿತ್ತು. ದಾದಾ ತಾವೇ ಲೋಟ ಹಿಡಿದು ಕುಡಿಸುತ್ತಿದ್ದರು, ಗಡ್ಡದ ಮೇಲೆ ಸುರಿದದ್ದನ್ನು ತಮ್ಮ ಹೆಗಲ ವಸ್ತ್ರದಿಂದ ಒರೆಸುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ. ಎಂಥ ದೊಡ್ಡ ಮನಸ್ಸು ಉಸ್ತಾದರದು ಎಂದು ಊರೇ ಕೊಂಡಾಡುತ್ತಿತ್ತು, ಮೊಮ್ಮಗನೂ ಹೆಮ್ಮೆಪಟ್ಟುಕೊಂಡೇ ಬೆಳೆದ. ಓಷನ್‌ಸೈಡಿನ ಆ ಟ್ರಾಫಿಕ್ಕಿನಲ್ಲಿ, ಮುಂದಿನ ಟ್ರಕ್ಕಿನ ಕೆಂಪು ದೀಪ ನೋಡುತ್ತ ಕೂತಿದ್ದಾಗ, ಇದ್ದಕ್ಕಿದ್ದಂತೆ ಅವನಿಗೆ ಹೊಳೆಯಿತು: ಉಸ್ತಾದ ಜೋಡಿ ಬಿಡಿಸುವಂತಿಲ್ಲ ಎಂಬ ಕಟ್ಟಳೆ ಹಳೆಯದಾಗಿರಲಿಕ್ಕಿಲ್ಲ. ಬೇರೆ ಯಾವ ಗರಡಿಯಲ್ಲೂ ಅವನು ಅದನ್ನು ಕೇಳಿರಲಿಲ್ಲ. ಈರಯ್ಯ ಬಿದ್ದ ಮೇಲೆ ದಾದಾ ಮಾಡಿಕೊಂಡದ್ದೇ ಇರಬೇಕು. ರಾತ್ರಿ ನಿದ್ದೆ ಬರಲಿ ಎಂದು. ಅವನು ಕಿಟಕಿ ಇಳಿಸಿದ, ಉಪ್ಪು ಗಾಳಿ ನುಗ್ಗಿತು. ಇನ್ನು ಹೇಳಿಬಿಡಬೇಕು. ಮೈದಾನಕ್ಕೆ ಹೋದ ತಕ್ಷಣ. ಇಲ್ಲಿ ಬೇಡ, ಎಲ್ಲರೆದುರೂ ಬೇಡ, ಕಾರ್ತಿಕೇಯನನ್ನು ಪಕ್ಕಕ್ಕೆ ಕರೆದು.

ಮೈದಾನ ಸ್ಯಾನ್ ಡಿಯಾಗೋದ ಒಳಗಡೆಯ ಪಾರ್ಕು. ವಿಮಾನಗಳು ಮನೆಗಳ ತಲೆ ಸವರಿಕೊಂಡು ಇಳಿಯುತ್ತಿದ್ದವು. ಒಂದೊಂದು ಬಂದಾಗಲೂ ಅಮೋಘ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಜೊತೆಯವರು ಅದನ್ನು ಆಟವೆಂದುಕೊಂಡು ತಾವೂ ಮುಚ್ಚಿಕೊಂಡರು. ಕಾರ್ತಿಕೇಯ ಲ್ಯಾಪ್‌ಟಾಪ್ ಹಿಡಿದು ಓಡಾಡುತ್ತಿದ್ದ. ಮೊಹಿಯುದ್ದೀನ್ ಅವನತ್ತ ಹೊರಟವನು ಮೂತ್ರಕ್ಕೆ ಹೋದ. ವಾಪಸ್ ಬಂದು ಮತ್ತೆ ಹೊರಟ, ಮತ್ತೆ ಮೂತ್ರ ಬಂದಂತಾಯಿತು. ಆಚೆ ಎಂಟನೇ ನಂಬರಿನವನು ಹುಲ್ಲಿನ ಮೇಲೆ ಕೂತು ತನ್ನ ಪುಟ್ಟ ಮಗಳಿಂದ ಬೂಟಿನ ಲೇಸು ಕಟ್ಟಿಸಿಕೊಳ್ಳುತ್ತಿದ್ದ. ವಿಡಿಯೋದಲ್ಲಿ ಕಂಡದ್ದಕ್ಕಿಂತ ದಪ್ಪ ಮೊಣಕಾಲು, ಅದರ ಸುತ್ತ ಬಿಳಿ ಪಟ್ಟಿ. ಮೊಹಿಯುದ್ದೀನನ ಕಣ್ಣು ಆ ಮೊಣಕಾಲನ್ನು ಬಿಟ್ಟು ಕದಲಲಿಲ್ಲ.

"ಸಾರ್," ಕಾರ್ತಿಕೇಯನೇ ಹತ್ತಿರ ಬಂದ. "ಅವತ್ತು ಮೀಟಿಂಗಲ್ಲಿ ಹಾಗಂದಿದ್ದು ಮನಸ್ಸಿಗೆ ಹಚ್ಕೋಬೇಡಿ. ನಿಮ್ಮ ಪ್ಲಾನು ನಾನು ಕೂತು ಲೆಕ್ಕ ಹಾಕ್ದೆ. ಕೆಲ್ಸ ಮಾಡತ್ತೆ ಸಾರ್. ಅವನು ಎಡಗಾಲು ಊರೋದು ಹಂಡ್ರೆಡ್ ಪರ್ಸೆಂಟ್ ನಿಜ. ಯಾರಿಗೂ ಕಾಣ್ದೇ ಇದ್ದಿದ್ದು ನಿಮಗೆ ಕಾಣ್ತು." ಕೈ ಚಾಚಿದ. ಮೊಹಿಯುದ್ದೀನ್ ಕೈ ಕುಲುಕಿದ. ಇಷ್ಟು ದಿನ ಕಾದಿದ್ದ ಮಾತು, ಬರಬಾರದ ಹೊತ್ತಿನಲ್ಲಿ ಬಂತಲ್ಲಪ್ಪ! ಇದಾದ ಮೇಲೆ ಏನು ಹೇಳುವುದು? "ನೋಡೋಣ," ಎಂದ.

ಬಿಳಿ ಕೂದಲಿನ ಫಸ್ಟ್ ಏಡ್ ಹೆಂಗಸು ಎರಡೂ ತಂಡದ ಹತ್ತಿರ ಬಂದು ವಾಡಿಕೆಯ ಪ್ರಶ್ನೆ ಕೇಳಿದಳು, ಈ ವಾರ ಯಾರಿಗಾದರೂ ತಲೆಗೆ ಏಟು ಬಿದ್ದಿತ್ತೆ ಎಂದು. ಹುಡುಗರು ಇಲ್ಲ ಇಲ್ಲ ಎಂದು ತಲೆಯಾಡಿಸಿದರು. ಅಮೋಘ ತಲೆಯಾಡಿಸಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಮಗು ಮೇಷ್ಟರನ್ನು ನೋಡುವ ಹಾಗೆ ಮೊಹಿಯುದ್ದೀನನನ್ನು ನೋಡಿದ. ನೋಡುತ್ತಲೇ ಇದ್ದ. ಮೊಹಿಯುದ್ದೀನ್ ಹುಲ್ಲು ನೋಡಿದ. ಹುಲ್ಲಿನಲ್ಲಿ ಬಾಟಲಿಯ ಮುಚ್ಚಳವೊಂದು ಬಿದ್ದಿತ್ತು. ತಲೆ ಎತ್ತಿದಾಗ ಹೆಂಗಸು ನಗುತ್ತ ಆಲ್ ದಿ ಬೆಸ್ಟ್ ಹೇಳಿ ಹೊರಟುಹೋಗಿದ್ದಳು, ಅಮೋಘ ಬೇರೆಯವರ ಜೊತೆ ಬನಿಯನ್ ಹಾಕಿಕೊಳ್ಳುತ್ತಿದ್ದ. ಅಂಗಿಯ ಕುತ್ತಿಗೆ ಸಿಗದೆ ತೋಳಿನಲ್ಲಿ ತಲೆ ತೂರಿಸುತ್ತಿದ್ದವನಿಗೆ ಪಕ್ಕದವನು ಸರಿಮಾಡಿ ಹಾಕಿದ. ಓಡಿಹೋಗಿ ಆ ಹೆಂಗಸನ್ನು ಕರೆಯಲು ಎಷ್ಟು ಹೊತ್ತು ಬೇಕು? ಮೊದಲ ಸಲ ಮಾತ್ರ ನೋಡೋಣ, ಒಂದೇ ಒಂದು ಸಲ ಕೆಡವಲಿ, ಆಮೇಲೆ ಕರೆದುಬಿಡುತ್ತೇನೆ. ಹೀಗೆಂದುಕೊಳ್ಳುತ್ತಿದ್ದಾಗಲೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆ ಹೇಸಿಗೆಯೊಡನೆಯೇ ಗೆರೆಯ ಪಕ್ಕ ಹೋಗಿ ಕೈಕಟ್ಟಿ ನಿಂತ.

ತಂಡಗಳು ಒಳಗಿಳಿದವು. ಕಿಕ್ ಮಾಡುವುದು ಲಾಸ್ ಏಂಜಲೀಸ್. ನೀಲಿಯ ಸ್ಯಾನ್ ಡಿಯಾಗೋ ಆಚೆ ಹರಡಿಕೊಂಡಿತು, ಕೆಂಪಿನವರು ಈಚೆ ಸಾಲುಗಟ್ಟಿದರು. ಮೊಹಿಯುದ್ದೀನ್ ಅಭ್ಯಾಸಬಲದಿಂದ ಎಣಿಸಿದ. ಹನ್ನೆರಡು. ಮತ್ತೆ ಎಣಿಸಿದ. ಆಗ ನಗು ಕೇಳಿಸಿತು, ಮೊದಲು ಆಚೆ ಕಡೆಯಿಂದ, ಆಮೇಲೆ ಈಚೆ ಕಡೆಯಿಂದಲೂ. ಅಮೋಘ ನೀಲಿಯವರ ನಡುವೆ ನಿಂತಿದ್ದ. ಕೈ ಮೊಣಕಾಲಿಗೂರಿ, ತನ್ನ ತಂಡದತ್ತ ಮುಖ ಮಾಡಿ, ಕಾಯುತ್ತ. ಗುರುವಾರದ ಹಾಗೆಯೇ, ಕೂದಲೆಳೆ ವ್ಯತ್ಯಾಸವಿಲ್ಲದೆ. ತನ್ನವರು, "ಮತ್ತೆ ಶುರು ಮಾಡಿದ ನೋಡು," ಎಂಬಂತೆ ಒಬ್ಬರನ್ನೊಬ್ಬರು ಮುಟ್ಟಿ ನಕ್ಕರು. ಪಕ್ಕದಲ್ಲಿ ಕಾರ್ತಿಕೇಯನೂ ನಗುತ್ತ, "ಏನ್ ಸಾರ್ ಇವನು, ಅವರನ್ನ ಗಲಿಬಿಲಿ ಮಾಡಕ್ಕೆ ಹೇಳ್ಕೊಟ್ಟಿದೀರಾ?" ಎಂದ. ರೆಫರಿ ಸೀಟಿಯನ್ನು ಬಾಯಿಯಿಂದ ತೆಗೆದು, ಆ ಕಡೆ ಹೋಗು ಎಂದು ಕೈ ತೋರಿಸಿದ. ಅಮೋಘ ಆ ಕೈಯನ್ನೇ ನೋಡಿದ, ಕದಲಲಿಲ್ಲ.

ನಗದೆ ಇದ್ದವನು ಒಬ್ಬನೇ. ಎಂಟನೆಯವನು ತನ್ನ ಜಾಗ ಬಿಟ್ಟು ನಡೆದು ಬಂದು, ಆ ದೊಡ್ಡ ಮೊಣಕಾಲನ್ನು ಹುಲ್ಲಿಗೂರಿ ಅಮೋಘನ ಮುಖದ ಮಟ್ಟಕ್ಕೆ ಕೂತ. ಏನೋ ಕೇಳಿದ. ಗಲ್ಲ ಹಿಡಿದು ಕಣ್ಣೊಳಗೆ ಇಣುಕಿದ. ಆಮೇಲೆ ಒಂದು ಕೈಯಿಂದ ಹುಡುಗನ ಮೊಣಕೈಯನ್ನು ಹಿಡಿದುಕೊಂಡು, ಇನ್ನೊಂದು ಕೈಯನ್ನು ನೆಟ್ಟಗೆ ಆಕಾಶಕ್ಕೆ ಎತ್ತಿದ.

ಗೆರೆ ದಾಟಿದ್ದು ಮೊಹಿಯುದ್ದೀನನಿಗೆ ಗೊತ್ತಾಗಲಿಲ್ಲ. ಓಡುತ್ತಿದ್ದ, ಮೈದಾನ ಮುಗಿಯುತ್ತಲೇ ಇರಲಿಲ್ಲ, ಯಾ ಅಲ್ಲಾ ಯಾ ಅಲ್ಲಾ ಎಂದು ತನ್ನ ದನಿಯೇ ಕಿವಿಗೆ ಬೀಳುತ್ತಿತ್ತು. ನಗು ನಿಂತುಹೋಗಿತ್ತು. ಫಸ್ಟ್ ಏಡ್ ಹೆಂಗಸು ಚೀಲ ಹಿಡಿದು ಇನ್ನೊಂದು ಕಡೆಯಿಂದ ಓಡಿ ಬರುತ್ತಿದ್ದಳು. ಎಂಟನೆಯವನು ತಲೆ ಎತ್ತಿ, ಇವನು ನಿಮ್ಮವನು ತಾನೆ, ಇವನು ಯಾವ ಭಾಷೆ ಮಾತಾಡುತ್ತಿದ್ದಾನೆ, ಇವನಿಗೆ ಯಾವಾಗ ಏಟು ಬಿತ್ತು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ. "ಥರ್ಸ್‌ಡೇ," ಎಂದ ಮೊಹಿಯುದ್ದೀನ್. ಹೆಂಗಸಿಗೂ, ಹಿಂದೆಯೇ ಓಡಿ ಬಂದ ಕಾರ್ತಿಕೇಯನಿಗೂ ಕೇಳಿಸುವಂತೆ ಇನ್ನೊಮ್ಮೆ, "ಥರ್ಸ್‌ಡೇ. ಐ ಸಾ ಇಟ್," ಎಂದ. ಕಾರ್ತಿಕೇಯನ ಮುಖ ಬಿಳುಚಿಕೊಂಡಿತು. ಹೆಂಗಸು ಆಂಬುಲೆನ್ಸಿಗೆ ಫೋನು ಹಚ್ಚುತ್ತ, ಬಿಸಿಲಿನಿಂದ ಆಚೆ ಕರೆದುಕೊಂಡು ನಡೆಯಿರಿ, ನಿಧಾನ, ಇಬ್ಬರೂ ಹಿಡಿದುಕೊಳ್ಳಿ ಎಂದಳು.

"ಅಮೋಘಾ, ಬಾಪ್ಪಾ. ಹೋಗೋಣ."

"ಜೋಡಿ ಅಂಕಲ್?"

"ಬಿಡಿಸ್ದೆ."

"ಉಸ್ತಾದ್ ಬಿಡಿಸೋ ಹಾಗಿಲ್ಲ ಅಂದ್ರಲ್ಲ."

"ಅದು ಸುಳ್ಳು ಕಣೋ," ಎಂದು ಮೊಹಿಯುದ್ದೀನ್ ಅವನ ಮೊಣಕೈ ಹಿಡಿದ. ಮಧ್ಯಾಹ್ನದ ಬಿಸಿಲಿನಲ್ಲೂ ತಣ್ಣಗಿತ್ತು. ಒಂದು ಕಡೆ ಅವನು, ಇನ್ನೊಂದು ಕಡೆ ಎಂಟನೆಯವನು, ನಡುವೆ ಹುಡುಗ ಕಾಲೆಳೆಯುತ್ತ ನಡೆದ, ಎಡಗಾಲನ್ನು ಜೋಪಾನವಾಗಿ ಇಡುತ್ತ. ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಕಿವಿ ಮುಚ್ಚಿಕೊಳ್ಳಲು ಅವನ ಕೈಗಳು ಬಿಡುವಾಗಿರಲಿಲ್ಲ, ಸದ್ದು ಪೂರ್ತಿ ಹೋಗುವವರೆಗೂ ಕಣ್ಣು ಮುಚ್ಚಿ ನಿಂತ.

"ಗುರುವಾರ ನಾನು ಆ ಕಡೆ ಹೋಗಿ ನಿಂತಿದ್ದೆ ಅಲ್ವಾ ಅಂಕಲ್?"

"ಹೂಂ."

"ನೀವು ನೋಡಿದ್ರಿ."

"ನೋಡ್ದೆ."

"ನೀವು ನಕ್ರಿ," ಎಂದ ಅಮೋಘ. ದೂರಿದಂತಿರಲಿಲ್ಲ, ನೆನಪಾದದ್ದಕ್ಕೆ ಅವನಿಗೇ ಖುಷಿಯಾದಂತಿತ್ತು. "ಅದಕ್ಕೇ ಏನೂ ಆಗಿಲ್ಲ ಅಂದ್ಕೊಂಡೆ."

ಗೆರೆ ಇನ್ನೂ ದೂರವಿತ್ತು. ಮೂವರೂ ನಡೆದರು. ಎಂಟನೆಯವನು ಹಿಡಿದ ಮೊಣಕೈಯನ್ನು ಕಡೆಯವರೆಗೂ ಬಿಡಲಿಲ್ಲ.